ಕೈಗಂಟೆಗಳಿಂದ ಕೀರ್ತನೆಗಳನ್ನು ನುಡಿಸುವ ವಿಷಯ

ಕೈಗಂಟೆಯೆಂದ ಕೂಡಲೆ ನಮ್ಮಲ್ಲಿ ಬಹು ಮಂದಿಗೆ ಪಾಠಶಾಲೆಯ ಗಂಟೆಯೋ ಪೂಜೆಯ ಗಂಟೆಯೋ ನೆನಪಿಗೆ ಬರುವದು. ಅವು ಹೊತ್ತನ್ನು ತಿಳಿಸುವವು, ಜನರನ್ನು ಕರೆಯುವವು, ರಾಗವನ್ನು ನುಡಿಸಲಾರವು. ಆದರೆ ಇಂಗ್ಲೆಂಡಿನಲ್ಲಿಯೂ ಅಮೇರಿಕದಲ್ಲಿಯೂ ಅನೇಕ ಸಭೆಗಳವರು ಕೈಗಂಟೆಗಳ ಸಾಲೊಂದನ್ನು ಇಟ್ಟುಕೊಂಡು, ಕ್ರಿಸ್ಮಸ್, ಪುನರುತ್ಥಾನ ಮುಂತಾದ ಹಬ್ಬಗಳಲ್ಲಿ ಅವುಗಳಿಂದಲೇ ಕೀರ್ತನೆಗಳನ್ನು ನುಡಿಸುವ ವಾಡಿಕೆಯುಂಟು. ಒಂದು ಗಂಟೆಗೆ ಒಂದೇ ಸ್ವರ. ಒಬ್ಬನ ಪಾಲಿಗೆ ಸಾಧಾರಣವಾಗಿ ಎರಡೇ ಗಂಟೆಗಳು. ಹಾಗಾದರೆ ರಾಗವು ಯಾರ ಕೈಯಲ್ಲಿರುವದು? ಅದನ್ನು ಈ ಪಾಠದಲ್ಲಿ ವಿಚಾರಿಸುವೆವು.

ಇಂಗ್ಲೆಂಡಿನ ದೇವಾಲಯಗಳ ಗೋಪುರಗಳಲ್ಲಿ ದೊಡ್ಡ ಗಂಟೆಗಳನ್ನು ಹಗ್ಗದಿಂದ ಎಳೆದು, ಅವುಗಳ ಸರದಿಯನ್ನು ಕ್ರಮವಾಗಿ ಬದಲಿಸುತ್ತಾ ಬಾರಿಸುವ ವಿದ್ಯೆಯೊಂದುಂಟು. ಆ ಕ್ರಮವನ್ನು ಕಲಿಯುವವರು ನೆರೆಯವರ ಕಿವಿಗೆ ತೊಂದರೆಪಡಿಸದೆ, ಚಳಿಯಲ್ಲಿ ಗೋಪುರವನ್ನು ಹತ್ತದೆ, ಮನೆಯೊಳಗೆ ಕೂತು ಸಣ್ಣ ಗಂಟೆಗಳಿಂದ ಅಭ್ಯಾಸ ಮಾಡುತ್ತಿದ್ದರು. 1700ರ ಆಸುಪಾಸಿನಲ್ಲಿ ವಿಲ್ಟ್‌ಷೈರ್ ಸೀಮೆಯ ಆಲ್ಡ್‌ಬೋರ್ನ್ ಎಂಬ ಹಳ್ಳಿಯಲ್ಲಿ ಕೋರ್ ಸಹೋದರರು ಇಂಥಾ ಗಂಟೆಗಳನ್ನು ಸ್ವರಕ್ಕೆ ಸರಿಯಾಗಿ ಎರಕ ಹೊಯ್ಯುತ್ತಿದ್ದರು. ಅಭ್ಯಾಸದ ಸಾಧನವೇ ಕ್ರಮೇಣ ವಾದ್ಯವಾಯಿತು. 1902ರಲ್ಲಿ ಅಮೇರಿಕದ ಬಾಸ್ಟನ್ ಪಟ್ಟಣದ ಮಾರ್ಗರೆಟ್ ಶರ್ಕ್ಲಿಫ್ ಎಂಬಾಕೆಯು ಲಂಡನಿನಲ್ಲಿ ಗೋಪುರದ ಗಂಟೆಗಳನ್ನು ಬಾರಿಸಿ, ಕೈಗಂಟೆಗಳ ಒಂದು ಸಾಲನ್ನು ಬಹುಮಾನವಾಗಿ ಪಡೆದು ತನ್ನ ಊರಿಗೆ ಕೊಂಡುಹೋದಳು. ಮುಂದೆ ಆಕೆಯ ಸಂಗಡಿಗರು ಕ್ರಿಸ್ಮಸಿನ ಹಿಂದಿನ ರಾತ್ರಿ ಬೀಕನ್ ಹಿಲ್ ಬೀದಿಗಳಲ್ಲಿ ಹಬ್ಬದ ಹಾಡುಗಳನ್ನು ನುಡಿಸುತ್ತಿದ್ದರು. 1954ರಲ್ಲಿ ಆ ದೇಶದಲ್ಲಿ ಕೈಗಂಟೆ ಬಾರಿಸುವವರ ದೊಡ್ಡ ಸಂಘವೇ ಏರ್ಪಟ್ಟಿತು. ಆಕೆಗೆ ದೊರಕಿದ ಗಂಟೆಗಳು ಹುಟ್ಟಿದ ವೈಟ್‌ಚಾಪೆಲ್ ಎರಕದ ಮನೆಯಾದರೋ ಬಹು ಕಾಲ ನಡೆದು 2017ರಲ್ಲಿ ಮುಚ್ಚಿಹೋಯಿತು.

ಗಂಟೆಯು ಕಂಚಿನದು, ಸುಮಾರು ನಾಲ್ಕು ಪಾಲು ತಾಮ್ರ, ಒಂದು ಪಾಲು ತವರ. ಅದರ ನಾಲಿಗೆ ಎಲ್ಲಾ ಕಡೆಗೂ ಓಲಾಡದೆ ಹಿಂದಕ್ಕೂ ಮುಂದಕ್ಕೂ ಮಾತ್ರ ಚಲಿಸುವದು. ಒಂದು ಸಾರಿ ಬಡಿದ ಮೇಲೆ ತಾನಾಗಿ ಹಿಂದಕ್ಕೆ ಸರಿಯುವ ಹಾಗೆ ಅದಕ್ಕೆ ತಡೆಯುಂಟು. ಆದದರಿಂದ ಬಾರಿಸುವವನು ಬೇಕಾದ ಗಳಿಗೆಯಲ್ಲಿ ಒಂದೇ ಪೆಟ್ಟನ್ನು ಹೊಡೆಯಬಲ್ಲನು. ನಾದವನ್ನು ನಿಲ್ಲಿಸಬೇಕಾದಾಗ ಗಂಟೆಯ ಅಂಚನ್ನು ಭುಜಕ್ಕೆ ಒತ್ತುವನು. ಹೊಸಬರು ಬಾರಿಸುವದನ್ನು ಬೇಗನೆ ಕಲಿಯುವರು, ನಿಲ್ಲಿಸುವದನ್ನು ಬಹು ದಿನದ ಮೇಲೆ ಕಲಿಯುವರು. ನಿಲ್ಲಿಸದಿದ್ದರೆ ಹೋದ ಸ್ವರವು ಬಂದ ಸ್ವರದ ಮೇಲೆ ಬಿದ್ದು ಎಲ್ಲವೂ ಗದ್ದಲವಾಗುವದು.

ಹಾಗಾದರೆ ಕೀರ್ತನೆ ಪುಸ್ತಕದಲ್ಲಿರುವ ನಾಲ್ಕು ಧ್ವನಿಗಳನ್ನು ಹಾಗೆಯೇ ಗಂಟೆಗಳಿಗೆ ಹಂಚಿಕೊಟ್ಟರೆ ಸಾಲದೋ? ಸಾಲದು. ಮನುಷ್ಯನ ಧ್ವನಿ ಮೆಲ್ಲಗೆ ಹುಟ್ಟಿ ಬೆಳೆಯಬಲ್ಲದು. ಗಂಟೆಯ ಧ್ವನಿಯು ಹುಟ್ಟಿದಾಗಲೇ ದೊಡ್ಡದಾಗಿದ್ದು, ಅಂದಿನಿಂದ ಕುಗ್ಗುತ್ತಲೇ ಹೋಗುವದು. ಹಾಡುವವರು ಎಳೆದು ನಿಲ್ಲಿಸುವ ಸ್ವರವು ಗಂಟೆಯಲ್ಲಿ ಬರಿದಾಗುವದು. ಅಲ್ಲಿ ಜೋಡಿಸುವವನು ಸಣ್ಣ ಸ್ವರಗಳನ್ನು ತುಂಬುವನು, ಇಲ್ಲವೆ ಗಂಟೆಯನ್ನು ಬಿಡದೆ ಅಲುಗಾಡಿಸಲು ಹೇಳುವನು. ಇನ್ನೊಂದು ತೊಡಕುಂಟು. ಇಂಗ್ಲಿಷ್ ಪದ್ಧತಿಯ ಕೈಗಂಟೆಯಲ್ಲಿ ಮೂಲಸ್ವರದ ಸಂಗಡ ಮೇಲಿನ ಸ್ಥಾಯಿಯ ಪಂಚಮವೂ ಕೇಳಿಬರುವದು. ಆದಕಾರಣ ತಗ್ಗಿನ ಗಂಟೆಗಳನ್ನು ಒತ್ತೊತ್ತಾಗಿ ಇಟ್ಟರೆ ನಾದವು ಕೆಸರಿನಂತಾಗುವದು; ಅವುಗಳ ನಡುವೆ ಎಡೆ ಬಿಡಬೇಕು.

ಎಲ್ಲಕ್ಕಿಂತ ಮೊದಲು ಜೋಡಿಸುವವನು ಗಂಟೆಗಳನ್ನೂ ಕೈಗಳನ್ನೂ ಎಣಿಸಬೇಕು. ಎರಡು ಸ್ಥಾಯಿಗೆ 25 ಗಂಟೆ, ಮೂರಕ್ಕೆ 37, ಐದಕ್ಕೆ 61. ಯಾವ ಗಂಟೆಗಳು ಬೇಕೆಂಬ ಪಟ್ಟಿಯನ್ನು ಗೀತದ ಮೊದಲಲ್ಲೇ ಅಚ್ಚು ಹಾಕುವರು. ಚಿಕ್ಕ ಗುಂಪಿನವರಿಗೆ ಇಷ್ಟೆಲ್ಲಾ ಬೇಕಿಲ್ಲವೆಂಬದಕ್ಕೆ ಒಂದು ದೃಷ್ಟಾಂತವನ್ನು ನೋಡುವ. 1818ರ ಕ್ರಿಸ್ಮಸಿನಲ್ಲಿ ಆಸ್ಟ್ರಿಯ ದೇಶದ ಒಬೆರ್ನ್‌ಡೋರ್ಫ್ ಎಂಬ ಊರಲ್ಲಿ ಗ್ರೂಬರನು ರಾಗ ಕಟ್ಟಿದ 'ಸೈಲೆಂಟ್ ನೈಟ್' ಎಂಬ ಗೀತವನ್ನು ಈಗ ಸಾಮಾನ್ಯವಾಗಿ ಹಾಡುವ ರಾಗದ ಪ್ರಕಾರ ತೆಗೆದುಕೊಂಡರೆ, ಅದು ಕೆಳಗಿನ ಸ ದಿಂದ ಮೇಲಿನ ಸ್ಥಾಯಿಯ ಮ ದ ವರೆಗೆ ಹನ್ನೊಂದು ಸ್ವರಗಳಲ್ಲಿ ಮುಗಿಯುವದು. ಹನ್ನೊಂದು ಗಂಟೆಗಳು, ಆರು ಜನರು. ಒಂದು ಚರಣದಲ್ಲಿರುವ ಪೆಟ್ಟುಗಳನ್ನು ನಾವು ಎಣಿಸಿ ನೋಡಿದೆವು, ಒಟ್ಟು 46. ಪ ಮತ್ತು ದ ಹಿಡಿದವನಿಗೆ 21 ಪೆಟ್ಟು. ನಿ ಮತ್ತು ಮೇಲಿನ ಸ ಹಿಡಿದವನಿಗೆ 10. ಅವರ ಆಚೆ ಈಚೆ ಇರುವ ಇಬ್ಬರಿಗೆ ಆರಾರು. ಕೆಳಗಿನ ಸ ಮತ್ತು ರಿ ಹಿಡಿದವನು ಚರಣದ ಕಡೆಯ ಎರಡು ಸ್ವರಗಳು ಬರುವ ತನಕ ಸುಮ್ಮನೆ ನಿಂತಿರುವನು. ಮೇಲಿನ ಮ ಹಿಡಿದವಳಿಗೆ ಇಡೀ ಚರಣಕ್ಕೆ ಒಂದೇ ಪೆಟ್ಟು.

ಆ ಒಂದು ಪೆಟ್ಟು ರಾಗದ ತುದಿಯಲ್ಲಿ ಬರುವದು. ಅವಳು ಎಣಿಕೆ ತಪ್ಪಿದರೆ ರಾಗವು ಮೇಲೇರುವ ಸ್ಥಳದಲ್ಲೇ ಕುಳಿ ಬೀಳುವದು. ಪಕ್ಕದವನು ಎಷ್ಟು ನಿಪುಣನಾದರೂ ಆ ಸ್ವರವು ಅವನಲ್ಲಿಲ್ಲ. ಜಲತರಂಗದಲ್ಲಿಯೂ ಒಂದು ಬಟ್ಟಲಿಗೆ ಒಂದೇ ಸ್ವರ, ಆದರೆ ಅಲ್ಲಿ ಎಲ್ಲಾ ಬಟ್ಟಲುಗಳ ಮುಂದೆ ಒಬ್ಬನೇ ಕೂತಿರುವನು. ಇಲ್ಲಿ 21 ಪೆಟ್ಟಿನವನಿಗೂ ಒಂದು ಪೆಟ್ಟಿನವಳಿಗೂ ಎಣಿಕೆ ಒಂದೇ ಉದ್ದವಾದದ್ದು. ನಿಜವಾಗಿ ಹೇಳುವದಾದರೆ ಅವಳ ಕೆಲಸವೇ ಕಷ್ಟವಾದದ್ದೆಂದು ನಮಗೆ ತೋರುವದು. ಯಾಕಂದರೆ ಬಾರಿಸುತ್ತಾ ಇರುವವನನ್ನು ಕೈಯೇ ಎಚ್ಚರವಾಗಿಡುವದು.

ಕೆಲವು ಜೋಡಣೆಗಾರರು ಯಾರೂ ಸುಮ್ಮನಿರಬಾರದೆಂದು ಎಲ್ಲರ ಕೈಗೂ ಕೆಲಸ ಕೊಡುವದಕ್ಕೋಸ್ಕರ ಸ್ವರಗಳನ್ನು ತುಂಬಿ ತುರುಕುವರು. ಅವರ ಉದ್ದೇಶ ಒಳ್ಳೇದು. ಆದರೆ ಕೇಳುವ ಸಭೆಗೆ ರಾಗವೇ ಸಿಕ್ಕುವದಿಲ್ಲ. ಇದಕ್ಕೆ ವಿರೋಧವಾದ ತೊಂದರೆಯೂ ಉಂಟು. ಉಕ್ರೇನ್ ದೇಶದ ಲೆಯೊಂಟೊವಿಚನ 'ಶ್ಚೆದ್ರಿಕ್' ಎಂಬ ಗೀತವು 1916ರಲ್ಲಿ ಮೊದಲು ಹಾಡಲ್ಪಟ್ಟಿತು. ಅದು ಮನೆಗೆ ಹಾರಿಬಂದ ಪಕ್ಷಿಯ ವಿಷಯವಾದ ಹೊಸ ವರುಷದ ಹಾಡೇ ಹೊರತು ಗಂಟೆಯ ಹಾಡಲ್ಲ. 1936ರಲ್ಲಿ ವಿಲ್‌ಹೌಸ್ಕಿ ಎಂಬವನು ಇಂಗ್ಲಿಷಿನಲ್ಲಿ ಗಂಟೆಗಳ ಮಾತುಗಳನ್ನು ಬರೆದ ಮೇಲೆ ಕ್ರಿಸ್ಮಸಿನ ಹಾಡಾಯಿತು. ಅದರಲ್ಲಿ ಮೂರೇ ಸ್ವರಗಳಿಂದಾದ ನಾಲ್ಕು ಪೆಟ್ಟಿನ ಒಂದು ತುಣುಕು ಬಿಡದೆ ಸುತ್ತುತ್ತಿರುವದು. ಅದನ್ನು ಇಬ್ಬರಿಗೇ ಬಿಟ್ಟರೆ ಅವರ ತೋಳು ಸೋಲುವದು. ಆದದರಿಂದ ಒಳ್ಳೇ ಜೋಡಣೆಯಲ್ಲಿ ಆ ತುಣುಕನ್ನು ಒಂದು ಸ್ಥಾಯಿಯಿಂದ ಇನ್ನೊಂದಕ್ಕೆ ದಾಟಿಸಿ, ಮೊದಲಿನವರಿಗೆ ಉಸಿರಾಡಲು ಬಿಡುವರು.

ಗುಂಪಿನಲ್ಲಿ ಒಬ್ಬರು ಜ್ವರದಿಂದ ಮಲಗಿದರೆ ಏನು ಮಾಡುವದು? ಹಾಡುವವರ ಗುಂಪಾದರೆ ಉಳಿದವರು ಸ್ವಲ್ಪ ಗಟ್ಟಿಯಾಗಿ ಹಾಡಿ ಸುಧಾರಿಸುವರು. ಇಲ್ಲಿ ನೆರೆಯವನು ಆ ಗಂಟೆಗಳನ್ನೂ ತೆಗೆದುಕೊಂಡು ಒಂದೊಂದು ಕೈಯಲ್ಲಿ ಎರಡೆರಡನ್ನು ಹಿಡಿಯಬೇಕು. ಮೇಲಿನ ಸ್ಥಾಯಿಯ ಸಣ್ಣ ಗಂಟೆಗಳಲ್ಲಿ ಇದು ಸಾಗುವದು, ತೂಕವಾದ ತಗ್ಗಿನ ಗಂಟೆಗಳಲ್ಲಿ ಸಾಗದು. ಆಗ ನಡಿಸುವವನು ಮೊದಲನೇ ಪುಟದ ಪಟ್ಟಿಯನ್ನು ತೆರೆದು, ಇರುವ ಕೈಗಳನ್ನು ಇನ್ನೊಮ್ಮೆ ಎಣಿಸಿ, ಅಷ್ಟಕ್ಕೇ ಸಾಲುವ ಬೇರೆ ಗೀತವನ್ನು ಹುಡುಕುವನು.