ಇಂದಿನ ಧಮ್ಮ ಚಿಂತನೆ: ಐದನೆಯ ಶೀಲ ಮತ್ತು ನಮ್ಮ ಬಾಯಿ





ನನ್ನ ಸೋದರಮಾವ ಭಾನುವಾರದ ವಂದನೆಗೆ ತಪ್ಪದೆ ಬರುತ್ತಿದ್ದರು. ಪಂಚಶೀಲದ ಮೊದಲ ನಾಲ್ಕನ್ನು ಎಲ್ಲರಿಗಿಂತ ಜೋರಾಗಿ ಹೇಳುವರು. ಐದನೆಯದು ಬಂದಾಗ ಬಾಯಿ ಮುಚ್ಚಿಕೊಳ್ಳುವರು. ಯಾಕೆ ಮಾವ ಎಂದು ಒಮ್ಮೆ ಕೇಳಿದೆ. "ನಾಲ್ಕನೇದ್ರಲ್ಲಿ ಸುಳ್ಳು ಹೇಳಲ್ಲ ಅಂದ್ಮೇಲೆ ಐದನೇದ್ರಲ್ಲಿ ಹೆಂಗಪ್ಪಾ ಸುಳ್ಳು ಹೇಳ್ಲಿ?" ಅಂದರು.

ಅವರದು ಚರಂಡಿ ಸ್ವಚ್ಛ ಮಾಡುವ ಕೆಲಸ. ಹಗಲೆಲ್ಲ ಕೆನ್ನೆಯ ಸಂದಿಯಲ್ಲಿ ಕಡ್ಡಿಪುಡಿ, ಸಂಜೆಗೆ ಒಂದು ಕ್ವಾರ್ಟರ್. "ಆ ವಾಸ್ನೆ ತಡ್ಕೊಳ್ಳಕ್ಕೆ ಬೇಕು ಕಣಪ್ಪ" ಅನ್ನುತ್ತಿದ್ದರು. ನಾನು ಸಿಕ್ಕಾಗಲೆಲ್ಲ "ಬಿಟ್ಬಿಡಿ ಮಾವ" ಎಂದು ಉಪದೇಶ ಮಾಡಿದೆ. ಒಂದು ದಿನವೂ "ಬಾಯಿ ತೆಗೀರಿ, ನೋಡೋಣ" ಅನ್ನಲಿಲ್ಲ. ಕೆನ್ನೆಯೊಳಗಿನ ಹುಣ್ಣು ಆರು ತಿಂಗಳು ಅಲ್ಲೇ ಇತ್ತು. ನೋವು ಬಂದರೆ ಬ್ರಾಂದಿ ಮುಕ್ಕಳಿಸಿ ಮಲಗುತ್ತಿದ್ದರು. ಆಸ್ಪತ್ರೆಗೆ ಕರೆದೊಯ್ದಾಗ ಅದು ಕ್ಯಾನ್ಸರ್ ಆಗಿತ್ತು. ದವಡೆಯ ಒಂದು ಭಾಗ ತೆಗೆದರು.

*ಪಮಾದ ಎಂದರೇನು?*

ಐದನೆಯ ಶೀಲದಲ್ಲಿ ಮದ್ಯವನ್ನು 'ಪಮಾದದ ನೆಲೆ' ಎಂದು ಕರೆಯಲಾಗಿದೆ. ಕನ್ನಡದಲ್ಲಿ ಪ್ರಮಾದ ಎಂದರೆ ದೊಡ್ಡ ತಪ್ಪು. ಪಾಳಿಯ ಪಮಾದ ಎಂದರೆ ಎಚ್ಚರ ತಪ್ಪುವುದು, ಗಮನವಿಲ್ಲದೆ ಇರುವುದು. ಸಿಗಾಲೋವಾದ ಸುತ್ತದಲ್ಲಿ ಭಗವಾನ್ ಬುದ್ಧರು ಕುಡಿತದ ಆರು ಕೇಡುಗಳನ್ನು ಎಣಿಸುತ್ತಾರೆ. ಹಣದ ನಷ್ಟ, ಜಗಳ, ಕೆಟ್ಟ ಹೆಸರು, ಮಾನಗೇಡು, ಬುದ್ಧಿ ಮಂಕಾಗುವುದು, ಇವುಗಳ ಜೊತೆಗೆ ರೋಗವೂ ಇದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲೂ ಮದ್ಯಪಾನ ಮಾಡುವುದಿಲ್ಲ ಎಂಬುದು ಸೇರಿದೆ.

*ಬಾಯಿಯೊಳಗೆ ಏನಾಗುತ್ತದೆ?*

ನಮ್ಮ ಬಾಯಿಗೆ ಒಬ್ಬ ಕಾವಲುಗಾರನಿದ್ದಾನೆ. ಅದೇ ಜೊಲ್ಲು. ತಿಂದ ಸಕ್ಕರೆಯಿಂದ ಕ್ರಿಮಿಗಳು ಹುಟ್ಟಿಸುವ ಆಮ್ಲವನ್ನು ತೊಳೆಯುವುದು, ಹಲ್ಲಿನ ಮೇಲ್ಪದರಕ್ಕೆ ಮತ್ತೆ ಖನಿಜ ಸೇರಿಸುವುದು ಅದರ ಕೆಲಸ. ಮದ್ಯ ಬಾಯನ್ನು ಒಣಗಿಸುತ್ತದೆ. ಗಾಂಜಾ ಕೂಡ ಒಣಗಿಸುತ್ತದೆ. ಕಾವಲುಗಾರ ಹೋದ ಮೇಲೆ ಹುಳುಕು, ವಸಡಿನ ರೋಗ, ದುರ್ವಾಸನೆ ಒಂದರ ಹಿಂದೆ ಒಂದು ಬರುತ್ತವೆ. ಬೆರೆಸಿ ಕುಡಿಯುವ ಸಿಹಿ ಸೋಡಾ, ವಾಂತಿಯಲ್ಲಿ ಬರುವ ಹೊಟ್ಟೆಯ ಆಮ್ಲ ಎರಡೂ ಹಲ್ಲನ್ನು ಸವೆಸುತ್ತವೆ. ಕುಡಿದು ಮಲಗಿದವರು ಹಲ್ಲುಜ್ಜುವುದೂ ಅಪರೂಪ.

ಮದ್ಯ, ತಂಬಾಕು, ಅಡಿಕೆ ಮೂರನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಮದ್ಯವು ಬಾಯೊಳಗಿನ ತೆಳು ಪದರವನ್ನು ಸಡಿಲಗೊಳಿಸಿ ತಂಬಾಕಿನ ವಿಷಕ್ಕೆ ದಾರಿ ಬಿಡುತ್ತದೆ. ಎರಡೂ ಸೇರಿದಾಗ ಅಪಾಯದ ಲೆಕ್ಕ ಕೂಡುವುದಲ್ಲ, ಗುಣಿಸುವುದು. ಅಡಿಕೆ, ಗುಟ್ಕಾ ಜಗಿಯುವವರಲ್ಲಿ ಕೆನ್ನೆಯ ಒಳಭಾಗ ಗಟ್ಟಿಯಾಗಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. 2013ರಲ್ಲಿ ನಮ್ಮ ರಾಜ್ಯ ಗುಟ್ಕಾ ನಿಷೇಧಿಸಿತು. ಈಗ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ.

ತಂಬಾಕು ಸೇದುವವರಿಗೆ ವಸಡಿನ ರಕ್ತ ಕಡಿಮೆ ಕಾಣಬಹುದು. ಅದು ಗುಣವಲ್ಲ, ರೋಗವನ್ನು ಮುಚ್ಚಿಡುವ ಪರದೆ. ಕುಡಿತ ನೋವನ್ನು ಮರೆಸುತ್ತದೆ. ನೋವು ದೇಹ ಕೊಡುವ ಎಚ್ಚರಿಕೆ. ಅದನ್ನು ಅಳಿಸಿಹಾಕುವುದೇ ಪಮಾದ.

*ನಾವು ಮಾಡಬೇಕಾದದ್ದು*

✅ ತಿಂಗಳಿಗೊಮ್ಮೆ ಬೆಳಕಿನಲ್ಲಿ ಕನ್ನಡಿ ಹಿಡಿದು ನೋಡಿ: ತುಟಿಯ ಒಳಗೆ, ಕೆನ್ನೆ, ವಸಡು, ನಾಲಗೆಯ ಅಂಚು, ನಾಲಗೆಯ ಕೆಳಗೆ.

✅ ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಕತ್ತಿನಲ್ಲಿ ಗಂಟು, ನುಂಗಲು ಕಷ್ಟ, ಮೂರು ಬೆರಳು ಒಂದರ ಮೇಲೊಂದು ಇಟ್ಟು ತೂರಿಸುವಷ್ಟು ಬಾಯಿ ತೆರೆಯದಿರುವುದು: ಇವುಗಳಲ್ಲಿ ಒಂದು ಕಂಡರೂ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರ ಬಳಿ ಹೋಗಿ.

✅ ವೈದ್ಯರ ಮುಂದೆ ಕುಡಿತದ ವಿಷಯ ಮುಚ್ಚಿಡಬೇಡಿ. ಹಲ್ಲಿನ ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್‌ನಂಥ ಮಾತ್ರೆಯ ಜೊತೆ ಮದ್ಯ ಬೇಡ ಎಂದೇ ವೈದ್ಯರು ಎಚ್ಚರಿಸುತ್ತಾರೆ. ಯಕೃತ್ತು ಕೆಟ್ಟಿದ್ದರೆ ಹಲ್ಲು ಕಿತ್ತಾಗ ರಕ್ತ ಬೇಗ ನಿಲ್ಲುವುದಿಲ್ಲ.

✅ ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು. ವೈದ್ಯರ ನೆರವಿನಿಂದ ಬಿಡಿಸಿ. ಸಹಾಯವಾಣಿ: ಮದ್ಯ ಮತ್ತು ಮಾದಕ ವಸ್ತುವಿಗೆ 14446, ತಂಬಾಕಿಗೆ 1800-11-2356.

"ಆ ಕೇರಿಯವರು ಕುಡಿಯೋದೇ ಅಷ್ಟು" ಎಂದು ಆಡಿಕೊಳ್ಳುವವರಿದ್ದಾರೆ. ಚರಂಡಿಗೆ ಇಳಿಸಿದವರು ಯಾರು ಎಂದು ಅವರು ಕೇಳಿಕೊಳ್ಳುವುದಿಲ್ಲ. ನಾವೂ ಅದೇ ಧಾಟಿಯಲ್ಲಿ ನಮ್ಮವರನ್ನು ಹಂಗಿಸಿದರೆ ಅವರು ಬಾಯಿ ಮುಚ್ಚಿಕೊಳ್ಳುತ್ತಾರೆ, ಹುಣ್ಣನ್ನೂ ಮುಚ್ಚಿಡುತ್ತಾರೆ. ಮಾವ ಎಚ್ಚರ ತಪ್ಪಿದ್ದು ಕುಡಿತದಿಂದ. ಕುಡಿಯದ ನಾನು ಎಚ್ಚರ ತಪ್ಪಿದ್ದು ಉಪದೇಶದಿಂದ. ಬುದ್ಧರ ಕೊನೆಯ ಉಪದೇಶವೂ ಅಪ್ಪಮಾದದ್ದೇ, ಎಚ್ಚರದಿಂದಿರಿ ಎಂಬುದೇ.

ಮಾವ ಈಗ ಕುಡಿಯುವುದಿಲ್ಲ. ಮುದ್ದೆಯನ್ನು ಸಾರಿನಲ್ಲಿ ಕಿವುಚಿಕೊಂಡು ಉಣ್ಣುತ್ತಾರೆ. ಮಾತು ಸ್ಪಷ್ಟವಿಲ್ಲ. ಭಾನುವಾರ ಐದನೆಯ ಶೀಲವನ್ನು ತೊದಲುತ್ತಲೇ ಪೂರ್ತಿ ಹೇಳುತ್ತಾರೆ. ಅವರು ಮುಗಿಸುವವರೆಗೆ ನಾವೆಲ್ಲ ಕಾಯುತ್ತೇವೆ.

*ಇಂದಿನ ಅಭ್ಯಾಸ:* ನಿಮ್ಮ ಮನೆಯಲ್ಲಿ ಕುಡಿಯುವ ಅಥವಾ ತಂಬಾಕು ಹಾಕುವ ಒಬ್ಬರ ಪಕ್ಕ ಕೂತು, ಬೈಯದೆ, ಟಾರ್ಚ್ ಹಿಡಿದು "ಬಾಯಿ ತೆಗೀರಿ, ನೋಡೋಣ" ಅನ್ನಿ.

ಭವತು ಸಬ್ಬ ಮಂಗಲಂ 🙏