ಬಾಯಿ ಓರೆಯಾದರೆ ಮೊದಲು ಗಡಿಯಾರ ನೋಡಿ
ಮಾತಾಡುತ್ತಿದ್ದ ಅಜ್ಜಿಯ ಬಾಯಿ ಇದ್ದಕ್ಕಿದ್ದಂತೆ ಒಂದು ಕಡೆಗೆ ವಾಲಿತು ಎನ್ನಿ. ನಮ್ಮ ಶಿಕಾರಿಪುರ, ಸೊರಬದ ಕಡೆ ನಾಟಿ ಔಷಧಿಯ ಮಾತು ಬರುತ್ತದೆ, ಇಲ್ಲವೇ ಪರಿಚಯದ ಡಾಕ್ಟರನ್ನು ಮನೆಗೇ ಕರೆಸೋಣ ಎನ್ನುತ್ತಾರೆ. ದಯವಿಟ್ಟು ಕಾಯಬೇಡಿ, ಅದು ಪಾರ್ಶ್ವವಾಯು ಇರಬಹುದು. ಹಲ್ಲು ತೋರಿಸಲು, ಎರಡೂ ಕೈ ಎತ್ತಲು, ಒಂದು ವಾಕ್ಯ ಆಡಲು ಹೇಳಿ. ತೊಂದರೆ ಶುರುವಾದ ಹೊತ್ತನ್ನು ಬರೆದಿಟ್ಟು ಕೂಡಲೇ 108ಕ್ಕೆ ಫೋನ್ ಮಾಡಿ.

ಹಣೆ ಸುಕ್ಕಾಗದೆ, ಕಣ್ಣೂ ಮುಚ್ಚದಿದ್ದರೆ ಅದು ಮುಖದ ನರದ ತೊಂದರೆಯಾದ ಬೆಲ್ಸ್ ಪಾಲ್ಸಿ ಇರಬಹುದು. ಅದಕ್ಕೂ 72 ಗಂಟೆಯೊಳಗೆ ಮಾತ್ರೆ ಶುರುವಾಗಬೇಕು. ಎರಡರಲ್ಲಿ ಯಾವುದು ಎಂಬ ತೀರ್ಮಾನ ಮಾತ್ರ ವೈದ್ಯರದು. ಪಾರ್ಶ್ವವಾಯುವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ತೊಂದರೆ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ, ಸಿಟಿ ಸ್ಕ್ಯಾನ್ ಕೂಡ ಅದರೊಳಗೇ ಆಗಬೇಕು. ಶಿಕಾರಿಪುರದಿಂದ ಶಿವಮೊಗ್ಗ ಸುಮಾರು 50 ಕಿ.ಮೀ., ಸೊರಬದಿಂದ ಇನ್ನೂ ದೂರ; ದಾರಿಯ ಹೊತ್ತೂ ಈ ಅವಧಿಯಲ್ಲೇ ಸೇರುತ್ತದೆ. ನೀರು, ಕಾಫಿ, ಆಸ್ಪಿರಿನ್ ಯಾವುದನ್ನೂ ಬಾಯಿಗೆ ಹಾಕದೆ ಹೊರಡಿಸಿ.