ಗಾಲಿಯ ಅಂಚನ್ನು ಕಾಯುವ ಬಗೆ

ಸವಣೂರು, ಶಿಗ್ಗಾಂವಿಗಳ ಸೀಮೆಯಲ್ಲಿ ಹಿಂದೆ ಚಕ್ಕಡಿಯ ಮರದ ಗಾಲಿಗೆ ಕಬ್ಬಿಣದ ಹಳಿಯನ್ನು ತೊಡಿಸುವ ಕೆಲಸ ಕಮ್ಮಾರನದಾಗಿತ್ತು. ಹಳಿಯು ಗಾಲಿಗಿಂತ ತುಸು ಚಿಕ್ಕದು. ಆದರೂ ಅದನ್ನು ಸುತ್ತಿಗೆಯಿಂದ ಬಡಿದು ಏರಿಸುತ್ತಿರಲಿಲ್ಲ. ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಗಾಲಿಯ ಮೇಲಿಟ್ಟು, ನೀರು ಸುರಿಯುತ್ತಿದ್ದರು. ಕಬ್ಬಿಣವು ಒಂದು ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ದಶಲಕ್ಷದಲ್ಲಿ 12 ಭಾಗದಷ್ಟು ಹಿಗ್ಗುತ್ತದೆ. 120 ಸೆಂ.ಮೀ. ವ್ಯಾಸದ ಹಳಿಯನ್ನು 500 ಡಿಗ್ರಿಯಷ್ಟು ಹೆಚ್ಚು ಕಾಯಿಸಿದರೆ ವ್ಯಾಸವು ಸುಮಾರು 7 ಮಿ.ಮೀ. ಬೆಳೆಯುತ್ತದೆ. ಆ ಎಡೆಯೇ ಸಾಕು. ತಣಿದಾಗ ಹಳಿ ತಾನಾಗಿ ಬಿಗಿಯುತ್ತದೆ. ಬಲವನ್ನು ಹೆಚ್ಚಿಸದೆ ಎಡೆಯನ್ನು ಹುಡುಕುವುದೇ ಇಲ್ಲಿಯ ಜಾಣ್ಮೆ.

ಈಗ ಅದೇ ಎರೆಹೊಲಗಳ ದಾರಿಗಳಲ್ಲಿ ಜೀಪು, ಟ್ರ್ಯಾಕ್ಟರುಗಳು ಓಡಾಡುತ್ತವೆ. ಅವುಗಳಿಗೆ ರಬ್ಬರಿನ ಟೈರು, ಅದನ್ನು ಕಾಯಿಸುವಂತಿಲ್ಲ. ಹಾಗಾದರೆ ಟೈರು ಬದಲಿಸುವಾಗ ಲೋಹದ ರಿಮ್ಮಿಗೆ ಗಾಯವಾಗದಂತೆ ಎಡೆಯನ್ನು ಪಡೆಯುವುದು ಹೇಗೆ? ವಿಚಾರಿಸೋಣ.

ನಡುತಗ್ಗಿನ ಗಣಿತ

ಟೈರಿನ ಎರಡು ಒಳ ಅಂಚುಗಳಲ್ಲೂ ಉಕ್ಕಿನ ತಂತಿಯ ಬಳೆ ಹುದುಗಿರುತ್ತದೆ. ಕೆಲಸಗಾರರು ಇದನ್ನು ಬೀಡು ಎನ್ನುತ್ತಾರೆ. ಇದು ಬಾಗುವುದೇ ಹೊರತು ಹಿಗ್ಗುವುದಿಲ್ಲ. 15 ಅಂಗುಲದ ಗಾಲಿಯಲ್ಲಿ ಬೀಡಿನ ವ್ಯಾಸ ಸುಮಾರು 380 ಮಿ.ಮೀ. ರಿಮ್ಮಿನ ಅಂಚುಗೋಡೆ ಅದಕ್ಕಿಂತ ಸುಮಾರು 17 ಮಿ.ಮೀ. ಎತ್ತರ, ಎರಡು ಕಡೆಯೂ ಸೇರಿ ಹೊರವ್ಯಾಸ 414 ಮಿ.ಮೀ. ಆಯಿತು. 380ರ ಬಳೆಯು 414ರ ಗೋಡೆಯನ್ನು ದಾಟಬೇಕು!

ಇದಕ್ಕೆ ಉತ್ತರವು ರಿಮ್ಮಿನ ನಡುವೆ ಸುತ್ತಲೂ ಇರುವ ತಗ್ಗಿನಲ್ಲಿದೆ. ತಂತಿಬಳೆಯ ಟೈರು ಮತ್ತು ತಗ್ಗಿನ ರಿಮ್ಮುಗಳ ಉಪಾಯಕ್ಕೆ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಎಂಬಾತನು 1890ರಲ್ಲಿ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಪಡೆದನು. ತಗ್ಗಿನ ಆಳ 20 ಮಿ.ಮೀ. ಎಂದಿಟ್ಟುಕೊಳ್ಳೋಣ. ಬೀಡಿನ ಒಂದು ಬದಿಯನ್ನು ತಗ್ಗಿಗೆ ಇಳಿಸಿದರೆ, ಗಾಲಿಯ ಕೇಂದ್ರದಿಂದ ಆ ಬದಿಗೆ 190 ಕಳೆ 20, ಅಂದರೆ 170 ಮಿ.ಮೀ. ಎದುರು ಬದಿಯ ಗೋಡೆಯ ನೆತ್ತಿಗೆ 190 ಕೂಡಿಸು 17, ಅಂದರೆ 207 ಮಿ.ಮೀ. ಎರಡೂ ಸೇರಿ 377. ಬೀಡಿನ ವ್ಯಾಸ 380 ಆದುದರಿಂದ ಅದು ಸಲೀಸಾಗಿ ದಾಟುತ್ತದೆ. ತಗ್ಗಿಗೆ ಇಳಿಸುವುದನ್ನು ಮರೆತರೆ ಮಾತ್ರ ಬಲಪ್ರಯೋಗ ಬೇಕಾಗುತ್ತದೆ, ಗಾಯವಾಗುವುದೂ ಆಗಲೇ.

ಸನ್ನೆಯ ಬಲ

60 ಸೆಂ.ಮೀ. ಉದ್ದದ ಸನ್ನೆಯನ್ನು ತುದಿಯಿಂದ 3 ಸೆಂ.ಮೀ. ದೂರದಲ್ಲಿ ರಿಮ್ಮಿನ ಅಂಚಿಗೆ ಆನಿಸಿ, ಕೈಯಿಂದ 200 ನ್ಯೂಟನ್ ಬಲ ಹಾಕಿದರೆ ತುದಿಯಲ್ಲಿ 19 ಪಟ್ಟು, ಅಂದರೆ 3,800 ನ್ಯೂಟನ್ ಬಲ ಹುಟ್ಟುತ್ತದೆ. ಆಧಾರಬಿಂದುವಾದ ರಿಮ್ಮು ಎರಡನ್ನೂ ಹೊರಬೇಕು: ಒಟ್ಟು 4,000 ನ್ಯೂಟನ್, ಸುಮಾರು 400 ಕಿಲೋಗ್ರಾಂ ಭಾರ. ಸನ್ನೆಯು ತಾಗುವ ಜಾಗ 10 ಚದರ ಮಿ.ಮೀ. ಆದರೆ ಪ್ರತಿ ಚದರ ಮಿ.ಮೀ.ಗೆ 400 ನ್ಯೂಟನ್ ಒತ್ತಡ ಬೀಳುತ್ತದೆ. ಉಕ್ಕಿನ ಗಾಲಿಯೇ ಇಂಥಲ್ಲಿ ನೆಗ್ಗಬಹುದು. ಎರಕದ ಅಲ್ಯುಮಿನಿಯಮ್ ಮಿಶ್ರಲೋಹವಂತೂ ಸಾಮಾನ್ಯವಾಗಿ ಇದರ ಅರ್ಧದಷ್ಟಕ್ಕೇ ಸೋಲತೊಡಗುತ್ತದೆ. ಆದರೆ ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಒರಗನ್ನಿಟ್ಟು ಭಾರವನ್ನು 400 ಚದರ ಮಿ.ಮೀ.ಗೆ ಹಂಚಿದರೆ ಒತ್ತಡ 10 ನ್ಯೂಟನ್‌ಗೆ ಇಳಿಯುತ್ತದೆ. ಚಿಕ್ಕ ಒರಗಿನ ದೊಡ್ಡ ಉಪಕಾರವಿದು.

ಗಾಯವೆಂದರೆ ಅಂದಗೇಡು ಮಾತ್ರವಲ್ಲ. ಟ್ಯೂಬಿಲ್ಲದ ಟೈರಿನಲ್ಲಿ ಗಾಳಿಯನ್ನು ತಡೆದಿರುವುದು ಬೀಡು ಮತ್ತು ರಿಮ್ಮುಗಳ ಸಂಧಿಯೇ; ಅಲ್ಲಿ ಗೀರು ಬಿದ್ದರೆ ಗಾಳಿ ಸೋರುತ್ತದೆ. ಬಣ್ಣ ಕಿತ್ತಲ್ಲಿ ಲೋಹ ಸವೆಯುತ್ತದೆ. 70 ಸೆಂ.ಮೀ. ವ್ಯಾಸದ ಟೈರು ಒಂದು ಕಿಲೋಮೀಟರಿಗೆ ಸುಮಾರು 450 ಸುತ್ತು ತಿರುಗುವುದರಿಂದ, ಒಂದು ಚಿಕ್ಕ ಕಚ್ಚು ಸುತ್ತುಸುತ್ತಿಗೂ ಬಾಗುವಿಕೆಗೆ ಸಿಕ್ಕಿ ಬಿರುಕಾಗಿ ಬೆಳೆಯಬಲ್ಲದು. ವೇಗದಲ್ಲಿ ಗಾಲಿ ಒಡೆದರೆ ಪ್ರಾಣಕ್ಕೇ ಅಪಾಯ.

ಅಂಗಡಿಯಲ್ಲಿ ಗಮನಿಸಬೇಕಾದುದು

ಮೊದಲು ಗಾಲಿಯನ್ನು ತೊಳೆಯಬೇಕು. ಎರೆಮಣ್ಣು ಮಳೆಗಾಲದಲ್ಲಿ ಹಿಗ್ಗಿ ಅಂಟಿಕೊಂಡು, ಒಣಗಿದಾಗ ಗಟ್ಟಿಯಾಗುತ್ತದೆ. ಅದರೊಳಗಿನ ಮರಳಿನ ಕಣ ಅಲ್ಯುಮಿನಿಯಮ್ಮಿಗಿಂತ ಕಠಿಣ; ಯಂತ್ರದ ಹಿಡಿಕೆಯಡಿ ಸಿಕ್ಕರೆ ಉಳಿಯಂತೆ ಗೀರುತ್ತದೆ.

ಎರಡನೆಯದಾಗಿ, ಗಾಳಿಯನ್ನು ಪೂರ್ತಿ ತೆಗೆದ ಬಳಿಕವೇ ಬೀಡನ್ನು ಬಿಡಿಸಬೇಕು. ಯಂತ್ರದ ಒತ್ತುಗೈ ರಬ್ಬರಿನ ಮೇಲಿರಲಿ, ರಿಮ್ಮಿನ ಮೇಲೆ ಬೇಡ. ಯಂತ್ರದ ಹಿಡಿಕೆಗೂ ತುದಿಗೂ ಪ್ಲಾಸ್ಟಿಕ್ ಹೊದಿಕೆ ಇದೆಯೇ ಎಂದು ನೋಡಬೇಕು.

ಮೂರನೆಯದಾಗಿ, ಬೀಡಿಗೆ ಸಾಬೂನಿನ ನೀರನ್ನೋ ಇದಕ್ಕೆಂದೇ ಇರುವ ಲೇಪವನ್ನೋ ಸವರಬೇಕು. ಗ್ರೀಸು, ಡೀಸೆಲ್ ಸಲ್ಲದು. ಅವು ರಬ್ಬರನ್ನು ಕೆಡಿಸುತ್ತವೆ, ಮುಂದೆ ಟೈರು ರಿಮ್ಮಿನ ಮೇಲೆ ಜಾರುವಂತೆಯೂ ಮಾಡುತ್ತವೆ. ತಗ್ಗು ಯಾವ ಅಂಚಿಗೆ ಹತ್ತಿರವೋ ಆ ಕಡೆಯಿಂದಲೇ ಟೈರನ್ನು ತೆಗೆದು ಹಾಕಬೇಕು.

ನಾಲ್ಕನೆಯದಾಗಿ, ಗಾಳಿ ತುಂಬುವಾಗ ಟೈರಿನ ಎದುರು ನಿಲ್ಲಬಾರದು. ಬೀಡು ಕೂರದಿದ್ದರೆ ಒತ್ತಡವನ್ನು ಏರಿಸುತ್ತ ಹೋಗದೆ, ಗಾಳಿ ಬಿಟ್ಟು, ಲೇಪ ಸವರಿ, ಮತ್ತೆ ಯತ್ನಿಸಬೇಕು.

ಕೊನೆಗೆ, ಗಾಲಿಯೂ ಅಚ್ಚಿನ ತಟ್ಟೆಯೂ ಕೂಡುವ ಮುಖವನ್ನು ಒರೆಸಬೇಕು. ಅಲ್ಲಿ ಉಳಿದ ಮಣ್ಣು ಓಡಾಟದಲ್ಲಿ ಪುಡಿಯಾಗಿ ನಟ್ಟುಗಳು ಸಡಿಲಾಗುತ್ತವೆ. ನಟ್ಟುಗಳನ್ನು ಸಾಲಾಗಿ ಅಲ್ಲ, ನಕ್ಷತ್ರದ ಗೆರೆಯಂತೆ ಒಂದರ ಎದುರಿನದನ್ನು ಹಿಡಿದು, ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಬೇಕು. ಸುಮಾರು 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಬೇಕು.

ಈ ತತ್ತ್ವವನ್ನು ವಿದ್ಯಾರ್ಥಿಗಳು ಮನೆಯ ಸೈಕಲ್ಲಿನಲ್ಲಿಯೇ ಪರೀಕ್ಷಿಸಬಹುದು. ಟ್ಯೂಬಿನ ಗಾಳಿ ಬಿಟ್ಟು, ಟೈರಿನ ಒಂದು ಬದಿಯ ಬೀಡನ್ನು ರಿಮ್ಮಿನ ನಡುತಗ್ಗಿಗೆ ಸುತ್ತಲೂ ಒತ್ತಿರಿ. ಅನಂತರ ಎದುರು ಬದಿಯನ್ನು ಎತ್ತಿರಿ. ಸನ್ನೆಯಿಲ್ಲದೆ ಬೆರಳಿಗೇ ಹಲವು ಬಾರಿ ಟೈರು ಒಲಿಯುತ್ತದೆ. ಒಲಿಯದಿದ್ದರೆ ಬಲವನ್ನು ಹೆಚ್ಚಿಸುವ ಮೊದಲು, ಬೀಡು ಎಲ್ಲಿ ತಗ್ಗಿಗೆ ಇಳಿದಿಲ್ಲವೆಂದು ಹುಡುಕಿರಿ.